ಬೆಂಕಿಯ ಪಾಲು

ಪಿಂಗಾಣಿ ಸುಡುವ ಭಟ್ಟಿ ಯಾವುದನ್ನೂ ಪುಕ್ಕಟೆ ಬೇಯಿಸಿಕೊಡುವುದಿಲ್ಲ. ಹಸಿಮಣ್ಣಿನಲ್ಲಿ ಆರು ಬೆರಳಗಲ ಇದ್ದದ್ದು ಹೊರಗೆ ಬರುವಾಗ ಐದೇ ಬೆರಳಾಗಿರುತ್ತದೆ. ಒಂದು ಪಾಲು ಬೆಂಕಿಗೆ. ಕಾರ್ಖಾನೆಯವರೆಲ್ಲ ರೆಕ್ಕೆಯಜ್ಜ ಎನ್ನುತ್ತಿದ್ದ ಮುದುಕನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಿರಿವಂತರ ಊಟದ ಮೇಜಿಗೆಂದು ಮೊಲ, ಕೋಳಿ, ಹಂದಿಯ ತಲೆಯ ಆಕಾರದ ಪಾತ್ರೆಗಳನ್ನು ನಲವತ್ತು ವರ್ಷ ಮಾಡಿದ ಕೈ ಅವನದು. ಬೆನ್ನು ಎತ್ತಿದರೆ ಮುಚ್ಚಳ, ಹೊಟ್ಟೆಯೊಳಗೆ ಬಿಸಿ ಸೂಪು. ಪ್ರಾಣಿಯನ್ನು ಒಮ್ಮೆ ಕಣ್ತುಂಬ ನೋಡಿ ಮಣ್ಣಿಗೆ ಕೈ ಹಾಕಿದನೆಂದರೆ, ಬೆಂಕಿಯ ಪಾಲನ್ನು ಬೆರಳುಗಳೇ ಸೇರಿಸಿಬಿಡುತ್ತಿದ್ದವು. ತಲೆಗೆ ಆ ಗೊಡವೆಯೇ ಇರಲಿಲ್ಲ.

ಆ ಕೈ ಈಗ ನಡುಗತೊಡಗಿತ್ತು.

ಕೈ ಕೆಟ್ಟವನು ಕಾರ್ಖಾನೆಯ ಹಿಂದಿನ ಅಂಗಳಕ್ಕೆ ಇಳಿದು, ತಣ್ಣನೆಯ ಕೆಸರಿನಲ್ಲಿ ನಿಂತು ಮಣ್ಣು ತುಳಿಯಬೇಕು. ಮುದುಕರು ಅಲ್ಲಿ ಎರಡು ಚಳಿಗಾಲ ಕಂಡದ್ದಿಲ್ಲ. ಅದಕ್ಕೇ ಅಜ್ಜ ನಡುಕವನ್ನು ಎಲ್ಲರಿಂದಲೂ ಮುಚ್ಚಿಟ್ಟ, ಅದೇ ಕಾರ್ಖಾನೆಯಲ್ಲಿ ಬಣ್ಣ ಹಚ್ಚುವ ಹೆಂಡತಿಯಿಂದಲೂ. ಎರಡು ಕೈಯಲ್ಲಿ ಲೋಟ ಹಿಡಿದದ್ದೇಕೆಂದು ಕೇಳಿದರೆ "ಚಳಿ ಕಣೇ" ಎನ್ನುತ್ತಿದ್ದ.

ಹೋದ ವರ್ಷ ಒಂದು ದೊಡ್ಡ ಮನೆಗೆ ಗಂಡು ಹೆಬ್ಬಾತು ಮಾಡಿಕೊಟ್ಟಿದ್ದ. ಜೀವಂತ ಹಕ್ಕಿಯಷ್ಟೇ ಗಾತ್ರ. ಮೇಜಿನ ಇನ್ನೊಂದು ತುದಿಗೆ ಅದರ ಜೋಡಿಯೂ ಬೇಕೆಂದು ಆ ಮನೆಯವರು ಈಗ ಹೇಳಿಕಳಿಸಿದ್ದರು. ಅಳತೆಗೆಂದು ಆ ಗಂಡು ಪಾತ್ರೆಯನ್ನೂ ಕಳಿಸಿದ್ದರು. ಅಜ್ಜ ಮೂರು ಸಲ ಮಣ್ಣು ಹಿಡಿದ. ಮೂರು ಸಲವೂ ಕತ್ತು ಸೊಟ್ಟಗಾಯಿತು.

ಅವನ ಮನೆಯಲ್ಲೂ ಒಂದು ಜೊತೆ ಹೆಬ್ಬಾತುಗಳಿದ್ದವು. ಹೆಣ್ಣನ್ನು ಹೆಂಡತಿ ಮೊಟ್ಟೆಯೊಡೆದ ದಿನದಿಂದ ಮಡಿಲಲ್ಲಿಟ್ಟುಕೊಂಡು ಬೆಳೆಸಿದ್ದಳು. ಮರಿಯಾಗಿದ್ದಾಗ ಗೇಟಿಗೆ ಸಿಕ್ಕಿ ಅದರ ಕೊಕ್ಕಿನ ಅಂಚು ಚೂರು ಮುರಿದಿತ್ತು. ಒಂದು ಬೆಳಿಗ್ಗೆ ಅವಳು ನೀರಿಗೆ ಹೋದಾಗ ಅಜ್ಜ ಅದರ ಕತ್ತು ಮುರಿದ.

"ನರಿ ಹೊತ್ಕೊಂಡು ಹೋಯ್ತು ಕಣೇ" ಎಂದ. ಅವಳು ಮೂರು ದಿನ ಹಳ್ಳದ ದಂಡೆಯುದ್ದಕ್ಕೂ ಕೂಗುತ್ತ ಹುಡುಕಿದಳು. ಗಂಡು ಹೆಬ್ಬಾತು ಗೇಟಿನ ಬಳಿಯಿಂದ ಕದಲಲಿಲ್ಲ.

ಅಜ್ಜ ಸತ್ತ ಹಕ್ಕಿಯ ಗರಿಗಳಿಗೆ ಸಾಬೂನು ಸವರಿ, ಪ್ಲಾಸ್ಟರಿನಲ್ಲಿ ಅದರ ಅಚ್ಚು ತೆಗೆದ. ಅಚ್ಚಿಗೆ ಮಣ್ಣು ಒತ್ತಿದಾಗ ಹೆಬ್ಬಾತು ಹೆಬ್ಬಾತಿನಂತೆಯೇ ಎದ್ದು ಬಂತು. ಕೊಕ್ಕಿನ ಮುರಿದ ಅಂಚನ್ನು ತುಂಬಲು ಹೋದ; ಕೈ ನಡುಗಿತು, ಹಾಗೇ ಬಿಟ್ಟ. "ಇದೊಂದು ಸಲ ಕಾಪಾಡಪ್ಪಾ ದೇವರೇ" ಎಂದು ಕಣ್ಣು ಮುಚ್ಚಿದರೆ, ಅಂಗೈಗೆ ಆ ಕತ್ತಿನ ಬಿಸಿ ನೆನಪಾಗುತ್ತಿತ್ತು. ಅಜ್ಜನ ಅಳತೆಯನ್ನು ಪ್ರಶ್ನಿಸುವ ಎದೆಗಾರಿಕೆ ಅಲ್ಲಿ ಯಾರಿಗೂ ಇರಲಿಲ್ಲ. ಪಾತ್ರೆ ಹಾಗೇ ಭಟ್ಟಿಗೆ ಹೋಯಿತು.

ಭಟ್ಟಿ ತೆರೆದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟರು.

ಭಟ್ಟಿಯವನು ಬಿದ್ದು ಬಿದ್ದು ನಕ್ಕ. "ಏನಜ್ಜಾ, ಹೆಂಡ್ತಿ ತಾ ಅಂದ್ರೆ ಮೊಮ್ಮಗಳನ್ನ ತಂದಿದ್ದೀಯಲ್ಲ!"

ಕಾರ್ಖಾನೆಯ ಧಣಿ ನಗಲಿಲ್ಲ. ಪುಟ್ಟ ಹೆಬ್ಬಾತಿನ ಗರಿಗಳನ್ನು ಉಗುರಿನಿಂದ ಸವರಿ ನೋಡಿದರು. "ನಿಮ್ಮ ಕೈ ಅಳತೆ ತಪ್ಪೋದಿಲ್ಲ ರೆಕ್ಕೆಯಜ್ಜ. ಇದಕ್ಕೆ ಬೆಂಕಿಯ ಪಾಲೇ ಸೇರಿಲ್ಲ, ನಿಮ್ಮ ಕೈಯಲ್ಲಿ ಆದದ್ದೇ ಅಲ್ಲ. ಸತ್ತ ಹಕ್ಕಿ ಮೇಲೆ ಅಚ್ಚು ತೆಗೆದಿದ್ದೀರಿ. ಎಲ್ಲಿ, ಕೈ ಚಾಚಿ."

ಚಾಚಿದ. ಇಡೀ ಕೋಣೆ ಅದನ್ನು ನೋಡಿತು.

ಅಷ್ಟರಲ್ಲಿ ಬಣ್ಣದ ಪೆಟ್ಟಿಗೆ ಹಿಡಿದು ಹೆಂಡತಿ ಬಂದಳು. ಯಾರ ಮುಖವನ್ನೂ ನೋಡದೆ ಪಾತ್ರೆಯನ್ನು ಎತ್ತಿಕೊಂಡಳು. ಅವಳ ಹೆಬ್ಬೆರಳು ಕೊಕ್ಕಿನ ಮುರಿದ ಅಂಚಿಗೆ ಬಂದು ನಿಂತಿತು.

"ನರಿ ಅಚ್ಚು ಚೆನ್ನಾಗಿ ತೆಗೆದಿದೆ ರೀ" ಎಂದಳು.

ಕೆಟ್ಟ ಪಾತ್ರೆ ಗೇಟು ದಾಟಬಾರದು, ಮಾಡಿದವನೇ ಒಡೆಯಬೇಕು. ಅದು ಆ ಕಾರ್ಖಾನೆಯ ಕಟ್ಟಳೆ. ಅಂಗಳದ ಕಲ್ಲಿನ ಮೇಲೆ ಹೆಬ್ಬಾತನ್ನಿಟ್ಟು ಸುತ್ತಿಗೆ ಕೊಟ್ಟರು. ಮೊದಲ ಏಟು ಕಲ್ಲಿಗೆ ಬಿತ್ತು. ಎರಡನೆಯದೂ ಕಲ್ಲಿಗೇ. ಈಗ ಭಟ್ಟಿಯವನೂ ನಗಲಿಲ್ಲ.

ಹೆಂಡತಿ ಹಿಂದಿನಿಂದ ಬಂದು ಗಂಡನ ಮಣಿಕಟ್ಟು ಹಿಡಿದಳು. ನಡುಕ ನಿಂತಿತು.

"ಒಂದು ಮಾತು ಹೇಳಿದ್ರೆ, ಮಣ್ಣು ಮೆತ್ತುವಾಗ್ಲೂ ಹೀಗೇ ಹಿಡ್ಕೊಳ್ತಿರ್ಲಿಲ್ವಾ?"

ಎನ್ನುತ್ತಲೇ ಅವಳು ಅವನ ಕೈಯನ್ನು ಕೆಳಗಿಳಿಸಿದಳು. ಮೂರನೆಯ ಏಟು ಗುರಿ ತಪ್ಪಲಿಲ್ಲ.

ಸಂಜೆ ಇಬ್ಬರೂ ಮನೆಗೆ ನಡೆದರು, ಅವಳು ನಾಲ್ಕು ಹೆಜ್ಜೆ ಮುಂದೆ. ನಾಳೆಯಿಂದ ಅವನಿಗೆ ಕೆಸರು. ಮನೆಯ ಗೇಟಿನಲ್ಲಿ ನಿಂತಿದ್ದ ಗಂಡು ಹೆಬ್ಬಾತು ಕತ್ತು ಚಾಚಿ, ಅವರಿಬ್ಬರನ್ನೂ ದಾಟಿ, ಹಿಂದಿನ ಖಾಲಿ ದಾರಿಯನ್ನು ನೋಡಿತು.