ಪರದೆಯ ಹುಡುಗಿಗೆ ಚಪ್ಪಾಳೆ, ಮನೆಯ ಮೀನಾಗೆ?

ನಮ್ಮ ಮನೋಳಿಯ ಪ್ರೌಢಶಾಲೆಗೆ ಆಟದ ಪಿರಿಯಡ್ ಇದ್ದಾಗ ಒಮ್ಮೆ ಬಂದು ನೋಡಿ. ಹುಡುಗರು ಮೈದಾನದಲ್ಲಿ ಧೂಳೆಬ್ಬಿಸುತ್ತಿರುತ್ತಾರೆ. ಹುಡುಗಿಯರು ಕಟ್ಟೆಯ ಮೇಲೆ ಕುಳಿತು ಅವರ ಚಪ್ಪಲಿ, ನೀರಿನ ಬಾಟ್ಲಿ ಕಾಯುತ್ತಿರುತ್ತಾರೆ. ಆರನೆಯ ತರಗತಿಯವರೆಗೆ ಇದೇ ಹುಡುಗಿಯರು ಗಾಳಿಯಂತೆ ಓಡುತ್ತಿದ್ದರು. ಮೈನೆರೆದ ದಿನದಿಂದ ಓಟ ನಿಲ್ಲುತ್ತದೆ. ಯಾರು ನಿಲ್ಲಿಸಿದರು ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ನಾನು ಹೇಳುತ್ತೇನೆ. ನಾವೇ ನಿಲ್ಲಿಸಿದ್ದು.

ನನ್ನ ಹೆಸರು ಕಮಲಾಬಾಯಿ. ಊರಿನ ಮಹಿಳಾ ಸ್ವಸಹಾಯ ಸಂಘದ ಕಾರ್ಯದರ್ಶಿ. ನನ್ನ ಮಗಳು ಮೃಣಾಲಿನಿ ಶಾಲೆಯ ಖೋಖೋ ತಂಡದಲ್ಲಿದ್ದಳು. ಹದಿಮೂರು ತುಂಬಿದಾಗ ನಾನೇ ಅವಳ ಆಟ ಬಿಡಿಸಿದೆ. ಈಗ ಅವಳು ಬೈಲಹೊಂಗಲದಲ್ಲಿ ಗಂಡ, ಮಕ್ಕಳೊಂದಿಗೆ ಚೆನ್ನಾಗಿದ್ದಾಳೆ. ಆದರೆ ಖೋಖೋ ಮಾತು ಬಂದರೆ ಇವತ್ತಿಗೂ ನನ್ನ ಮುಖ ನೋಡುವುದಿಲ್ಲ. ಹಾಗಾಗಿ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಹೋದ ಶ್ರಾವಣ ಮುಗಿದ ಮೇಲೆ ನಮ್ಮ ಸಂಘದವರು ಸಮುದಾಯ ಭವನದಲ್ಲಿ ಒಂದು ಸಿನಿಮಾ ತೋರಿಸಿದೆವು. ಕುಸ್ತಿ ಆಡುವ ಹೆಣ್ಣುಮಕ್ಕಳ ಸಿನಿಮಾ. ಒಂದು ಹಳ್ಳಿಯ ಹುಡುಗಿ ಊರವರ ಬೈಗುಳ ತಿಂದು, ಪಟ್ಟು ಕಲಿತು, ಕೊನೆಗೆ ದೊಡ್ಡ ಪದಕ ಗೆಲ್ಲುತ್ತಾಳೆ. ಪ್ರೊಜೆಕ್ಟರ್ ಶಾಲೆಯದು. ಅದನ್ನು ತಂದುಕೊಟ್ಟವರು ಆಟದ ಶಿಕ್ಷಕಿ ಶರ್ವರಿ. ಊರಲ್ಲಿ ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಾರೆ. ಭಾನುವಾರ ಮಧ್ಯಾಹ್ನ ಕಿಟಕಿಗೆಲ್ಲ ಗುಡಾರದ ದಪ್ಪ ಬಟ್ಟೆ ಕಟ್ಟಿ ಕತ್ತಲು ಮಾಡಿದೆವು. ಮುಂದೆ ಚಾಪೆಯ ಮೇಲೆ ಹೆಂಗಸರು, ಹಿಂದೆ ಗೋಡೆಗೆ ಒರಗಿ ಗಂಡಸರು.

ಆ ಗಂಡಸರ ನಡುವೆ ದುಂಡಪ್ಪ ನಿಂತಿದ್ದ. ಹರೆಯದಲ್ಲಿ ಅವನು ಸವದತ್ತಿ, ರಾಮದುರ್ಗ ಕಡೆಯ ಕಣಗಳಲ್ಲಿ ಹೆಸರು ಮಾಡಿದ ಪೈಲ್ವಾನ. ಈಗ ಹೊಲ ನೋಡಿಕೊಂಡು, ಸಂಜೆ ಗರಡಿಮನೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಾನೆ. ಸಿನಿಮಾದ ಹುಡುಗಿ ಎದುರಾಳಿಯ ಕಾಲಿಗೆ ಕೈ ಹಾಕಿದಾಗ ಅವನಿಗೆ ತಡೆಯಲಾಗಲಿಲ್ಲ. ಎತ್ತಬೇಡ, ತಿರುವು ಎಂದು ಪರದೆಯವಳಿಗೇ ಹೇಳಿಕೊಡುತ್ತಿದ್ದ. ಅವಳು ಗೆದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಅವನದೇ.

ಲೈಟು ಹಾಕಿದ ಮೇಲೆ ನಾನು ಎದ್ದು, ಹೇಗನ್ನಿಸಿತು ಹೇಳಿ ಎಂದೆ. ಮೊದಲು ಮಾತಾಡಿದವರು ನಮ್ಮ ಮನೆಯವರೇ, ನಿವೃತ್ತ ಪೋಸ್ಟ್‌ಮಾಸ್ಟರ್ ಬಾಳಕೃಷ್ಣ. ಕಥೆ ಚೆನ್ನಾಗಿದೆ, ಹಾಡು ಒಂದೆರಡು ಕಡಿಮೆ ಮಾಡಬಹುದಿತ್ತು, ಆದರೆ ಸಿನಿಮಾ ಸಿನಿಮಾನೇ, ಅದನ್ನು ಮನೆಗೆ ಹೊತ್ತುಕೊಂಡು ಹೋಗಬಾರದು ಎಂದರು. ಹಿಂದಿನವರೆಲ್ಲ ತಲೆದೂಗಿದರು. ಹೆಂಗಸರೂ ಕಡಿಮೆಯಿರಲಿಲ್ಲ. ಬಟ್ಟೆ ಬಹಳ ಬಿಗಿ ಎಂದಳು ಒಬ್ಬಳು. ಇಂಥವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಇನ್ನೊಬ್ಬಳು. ತಿಂಗಳ ಮುಟ್ಟು ಶುರುವಾದ ಮೇಲೆ ಹೀಗೆ ಎದ್ದುಬಿದ್ದರೆ ಗರ್ಭಚೀಲ ಜಾರುತ್ತದೆ ಎಂದು ಮತ್ತೊಬ್ಬಳು ಪಿಸುಗುಟ್ಟಿದಳು. ಐದು ನಿಮಿಷದ ಹಿಂದೆ ಅದೇ ಹುಡುಗಿಗಾಗಿ ಕಣ್ಣೊರೆಸಿಕೊಂಡವರು ಇವರೆಲ್ಲ.

ದುಂಡಪ್ಪನನ್ನು ಕೇಳಿದಾಗ, ಪಟ್ಟುಗಳನ್ನು ಸರಿಯಾಗಿ ತೋರಿಸಿದ್ದಾರೆ, ಆ ಹುಡುಗಿಯ ಧೈರ್ಯ ಮೆಚ್ಚಬೇಕು ಎಂದ.

ಆಗ ಮುಂದಿನ ಸಾಲಿನಲ್ಲಿ ಅವನ ಮಗಳು ಮೀನಾ ಎದ್ದು ನಿಂತಳು. ಒಂಬತ್ತನೆಯ ತರಗತಿ. ಮಾತು ಕಡಿಮೆ. ಶಾಲೆಯ ಹಿಂದಿನ ಕೋಣೆಯಲ್ಲಿ ಮ್ಯಾಟ್ ಹಾಸಿ ಶರ್ವರಿ ಅಕ್ಕಾರು ನಾಲ್ಕು ಹುಡುಗಿಯರಿಗೆ ಕುಸ್ತಿ ಹೇಳಿಕೊಡುತ್ತಿದ್ದರು. ಅವರಲ್ಲಿ ಇವಳೂ ಒಬ್ಬಳು.

"ಅಪ್ಪಾ," ಎಂದಳು. "ಆ ಹುಡುಗಿಗೆ ಚಪ್ಪಾಳಿ ತಟ್ಟಿದಿ. ಸವದತ್ತಿ ಕುಸ್ತಿಗೆ ಹೋಗಾಕ ನಾ ತಂದ ಒಪ್ಪಿಗಿ ಪತ್ರ ಎಂಟು ದಿನದಿಂದ ಕಪಾಟಿನ ಮ್ಯಾಲ ಬಿದ್ದೈತಿ. ಅದಕ್ಕ ಸಹಿ ಯಾಕ ಮಾಡ್ಲಿಲ್ಲ?"

ಸಿನಿಮಾ ಬೇರೆ, ಮನೆ ಬೇರೆ, ಕುಳಿತುಕೋ ಎಂದ ದುಂಡಪ್ಪ. ಮೀನಾ ಕುಳಿತುಕೊಳ್ಳಲಿಲ್ಲ.

"ಸಿನಿಮಾದಾಗೂ ಎಲ್ಲಾರೂ ಆಕಿ ಬಗ್ಗೆ ಮಾತಾಡಿದ್ರು, ಇಲ್ಲೂ ಎಲ್ಲಾರೂ ಮಾತಾಡಿದ್ರಿ. ನಿನಗೇನ್ ಬೇಕವ್ವಾ ಅಂತ ಯಾರರ ಕೇಳಿದ್ರೇನು?"

ಅವಳ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಕೆಂಚವ್ವ, ಎಪ್ಪತ್ತು ದಾಟಿದವಳು, ಮೊಮ್ಮಗಳ ಕೈ ಹಿಡಿದುಕೊಂಡು ತಾನೂ ಎದ್ದಳು. ಗರ್ಭಚೀಲದ ಮಾತಾಡಿದ ಹೆಂಗಸಿನ ಕಡೆ ತಿರುಗಿದಳು.

"ಮುಟ್ಟಿನ ದಿನದಾಗ ನಾ ಹತ್ತಿ ತುಂಬಿದ ಅಂಡಗಿ ಚೀಲ ಹೊತ್ತೇನಿ, ಹೊಳಿಯಿಂದ ಕೊಡ ಹೊತ್ತೇನಿ. ಆವಾಗ ನನ್ನ ಗರ್ಭಚೀಲದ ಕಾಳಜಿ ಯಾರಿಗೂ ಬರಲಿಲ್ಲ. ದುಡಿಯೂವಾಗ ಜಾರದ್ದು ಆಡೂವಾಗ ಜಾರತೈತೇನು?"

ಹೆಂಗಸರಲ್ಲಿ ಕೆಲವರು ನಕ್ಕರು. ಕೆಲವರು ಸೆರಗು ಸರಿ ಮಾಡಿಕೊಂಡು ನೆಲ ನೋಡಿದರು. ದುಂಡಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ.

ಅವನು ಹೋದರೂ ಸಭೆ ಕದಲಲಿಲ್ಲ. ಶರ್ವರಿ ಅಕ್ಕಾರು ಮುಂದೆ ಬಂದು, ತಾಲೂಕು ಆಸ್ಪತ್ರೆಯ ಡಾಕ್ಟರಮ್ಮ ಶಾಲೆಗೆ ಬಂದಾಗ ಹೇಳಿದ್ದನ್ನೇ ಬಿಡಿಸಿ ಹೇಳಿದರು. ಆಡಿದರೆ ಗರ್ಭಚೀಲ ಜಾರುವುದಿಲ್ಲ. ಮುಟ್ಟಿನಲ್ಲಿ ಹೊಟ್ಟೆ ನೋವಿದ್ದರೆ ವಿಶ್ರಾಂತಿ ತೆಗೆದುಕೊಳ್ಳಲಿ, ಇಲ್ಲದಿದ್ದರೆ ಆಡಲಿ. ನೋವು ಅಥವಾ ಸ್ರಾವ ವಿಪರೀತವಾದರೆ ಆಟ ಬಿಡಿಸುವುದಲ್ಲ, ಡಾಕ್ಟರಿಗೆ ತೋರಿಸುವುದು. ಆಡುವುದರಿಂದ ಎಲುಬು ಗಟ್ಟಿಯಾಗುತ್ತದೆ, ಊಟ ಮೈಗೆ ಹತ್ತುತ್ತದೆ. ಮಗನಿಗೆ ಕೊಡುವ ಹಾಲು, ಶೇಂಗಾ, ಕಾಳುಪಲ್ಯ ಮಗಳ ತಾಟಿಗೂ ಬೀಳಬೇಕು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಮನೆಯಲ್ಲಿ ಬೇಡ ಎನ್ನಬಾರದು.

ಮರುದಿನ ಸಂಜೆ ಅಕ್ಕಾರು ನನ್ನನ್ನೂ ಕರೆದುಕೊಂಡು ದುಂಡಪ್ಪನ ಮನೆಗೆ ಹೋದರು. ಮೀನಾಳ ತಾಯಿ ಶಟ್ಟೆವ್ವ ಚಹಾ ಕೊಟ್ಟಳು. ಅಕ್ಕಾರು ದುಂಡಪ್ಪನನ್ನು ದಬಾಯಿಸಲಿಲ್ಲ. ನಿನ್ನ ಹೆದರಿಕೆ ಯಾವುದೆಂದು ಹೇಳು, ಅದರ ಬಗ್ಗೆಯೇ ಮಾತಾಡೋಣ ಎಂದರು. ಅವನು ಚಹಾದ ಬಟ್ಟಲು ಕೆಳಗಿಟ್ಟು ಹೇಳಿದ.

"ಕಣದ ಸುತ್ತ ಕುಂತ ಗಂಡಸ್ರು ಏನ್ ಮಾತಾಡ್ತಾರ ಅನ್ನೂದು ನನಗ ಗೊತ್ತೈತ್ರಿ ಅಕ್ಕಾರ. ನಾನೂ ಅಲ್ಲೇ ಕುಂತು ನಕ್ಕಾವ. ಅಂಥಾದ್ರಾಗ ನನ್ನ ಮಗಳನ್ನ ಹೆಂಗ ನಿಂದ್ರಸ್ಲಿ?"

ಅವನು ಸುಳ್ಳು ಹೇಳಲಿಲ್ಲ. ಉತ್ತರ ಬಂದದ್ದು ಬಾಗಿಲ ಬಳಿ ನಿಂತಿದ್ದ ಶಟ್ಟೆವ್ವನಿಂದ. ಅವಳು ಗಂಡನ ಎದುರು ದನಿಯೆತ್ತಿದ್ದನ್ನು ಆವರೆಗೆ ಯಾರೂ ಕೇಳಿರಲಿಲ್ಲ. ಅವತ್ತೂ ಎತ್ತಲಿಲ್ಲ. ಮೆಲ್ಲಗೇ ಹೇಳಿದಳು.

"ಹಂಗಾದ್ರ ಆ ಗಂಡಸ್ರನ್ನ ಮನ್ಯಾಗ ಕುಂಡ್ರಸ್ರಿ. ನನ್ನ ಮಗಳನ್ನ ಯಾಕ ಕುಂಡ್ರಸ್ತೀರಿ?"

ದುಂಡಪ್ಪ ಹೆಂಡತಿಯ ಮುಖ ನೋಡಿದ. ಅಕ್ಕಾರು ಆ ಮಾತನ್ನೇ ಹಿಡಿದು ಮುಂದುವರಿದರು. ಹೆದರಿಕೆ ಖರೇ ಇದ್ದರೆ ಮಗಳನ್ನು ಕಟ್ಟಿಹಾಕುವುದು ಉಪಾಯವಲ್ಲ, ನಮ್ಮನ್ನು ಪ್ರಶ್ನೆ ಕೇಳುವುದು ಉಪಾಯ ಎಂದರು. ಹುಡುಗಿಯರ ಜೊತೆ ಶಿಕ್ಷಕಿ ಬರುತ್ತಾಳೋ ಇಲ್ಲವೋ, ಬಟ್ಟೆ ಬದಲಿಸಲು ಬೇರೆ ಕೋಣೆ ಇದೆಯೋ ಇಲ್ಲವೋ, ಕಲಿಸುವವನು ಯಾರು, ಅವನ ನಡತೆ ಹೇಗೆ, ಇದೆಲ್ಲ ಕೇಳುವುದು ತಂದೆತಾಯಿಯ ಹಕ್ಕು. ಯಾರಾದರೂ ಕೆಟ್ಟದಾಗಿ ಮುಟ್ಟಿದರೆ, ಕೆಟ್ಟ ಮಾತಾಡಿದರೆ ಮಗಳು ಅಂದೇ ಮನೆಯಲ್ಲಿ ಹೇಳುವಂತಿರಬೇಕು. ಹೇಳಿದರೆ ಆಟ ಬಿಡಿಸುತ್ತಾರೆ ಎಂಬ ಅಂಜಿಕೆಯಿಂದಲೇ ಹುಡುಗಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ತಪ್ಪು ಮಾಡಿದವನ ಮೇಲೆ ದೂರು ಕೊಡಲು ೧೦೯೮ ಮಕ್ಕಳ ಸಹಾಯವಾಣಿ ಇದೆ, ಪೊಲೀಸರಿದ್ದಾರೆ, ಕಾನೂನಿದೆ.

ದುಂಡಪ್ಪ ಕೇಳಿಸಿಕೊಂಡ. ಆದರೂ ತನ್ನ ಕೈಯಿಂದ ಸಹಿ ಆಗುವುದಿಲ್ಲ ಎಂದ. ತಾಯಿಯ ಸಹಿಯೂ ನಡೆಯುತ್ತದೆಯೇ ಎಂದು ಶಟ್ಟೆವ್ವ ಕೇಳಿದಳು. ತಂದೆ ಅಥವಾ ತಾಯಿ, ಇಬ್ಬರಲ್ಲಿ ಯಾರು ಮಾಡಿದರೂ ನಡೆಯುತ್ತದೆ ಎಂದರು ಅಕ್ಕಾರು. ಶಟ್ಟೆವ್ವ ಒಳಗೆ ಹೋಗಿ ಕಪಾಟಿನ ಮೇಲಿದ್ದ ಕಾಗದ ತಂದಳು. ನಮ್ಮ ಸಂಘದಲ್ಲಿ ಕಲಿತ ಅಕ್ಷರಗಳಲ್ಲಿ, ಅವಸರ ಮಾಡದೆ, ತನ್ನ ಹೆಸರು ಬರೆದಳು. ದುಂಡಪ್ಪ ತಡೆಯಲಿಲ್ಲ, ನೋಡಲೂ ಇಲ್ಲ.

ತಾಲೂಕು ಮಟ್ಟದ ಶಾಲಾ ಕುಸ್ತಿ ಸವದತ್ತಿಯಲ್ಲಿ ಮುಂದಿನ ಶುಕ್ರವಾರ ನಡೆಯಿತು. ನಾನು, ಶಟ್ಟೆವ್ವ, ಕೆಂಚವ್ವ ಮೂವರೂ ಬಸ್ಸಿಗೆ ಹೋದೆವು. ದುಂಡಪ್ಪ ಬರುವುದಿಲ್ಲ ಎಂದಿದ್ದ. ಮೀನಾಳ ಹೆಸರು ಕೂಗುವ ಹೊತ್ತಿಗೆ ತಿರುಗಿ ನೋಡಿದರೆ, ಮೆಟ್ಟಿಲುಗಳ ಪಕ್ಕದಲ್ಲಿ ಬೈಕಿನ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದ.

ಮೀನಾಳ ಎದುರಾಳಿ ಉಗರಗೋಳದ ಹುಡುಗಿ. ಎರಡು ವರ್ಷದಿಂದ ಆಡುತ್ತಿದ್ದವಳು. ಮೀನಾ ಮೊದಲು ಅವಳ ಬೆನ್ನ ಹಿಂದೆ ಹೋಗಿ ಅಂಕ ಪಡೆದಳು, ಮತ್ತೊಮ್ಮೆಯೂ ಪಡೆದಳು. ಕೆಂಚವ್ವನಿಗೆ ಅಂಕ ತಿಳಿಯದಿದ್ದರೂ ಮೊಮ್ಮಗಳು ಮೇಲಿದ್ದಾಳೆ ಎಂಬುದು ತಿಳಿಯುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದ ಮೂರು ಜನ ಗಂಡಸರಲ್ಲಿ ಒಬ್ಬ ಆ ಹುಡುಗಿಯರ ಮೈಯ ಬಗ್ಗೆ ಒಂದು ಹೊಲಸು ಮಾತಾಡಿದ. ಉಳಿದಿಬ್ಬರು ನಕ್ಕರು.

ಶಟ್ಟೆವ್ವ ಏಳುವ ಮೊದಲೇ ದುಂಡಪ್ಪ ಅವರ ಮುಂದೆ ಹೋಗಿ ನಿಂತಿದ್ದ. ಕೈ ಎತ್ತಲಿಲ್ಲ.

"ಆ ನೀಲಿ ಅಂಗಿಯಾಕಿ ನನ್ನ ಮಗಳು. ಈಗ ಅಂದದ್ದನ್ನ ನನ್ನ ಮಾರಿ ನೋಡಿ ಇನ್ನೊಮ್ಮೆ ಅನ್ರಿ."

ಅವರು ಅನ್ನಲಿಲ್ಲ. ಅಕ್ಕಾರು ಸಂಘಟಕರನ್ನು ಕರೆತಂದು ಆ ಮೂವರನ್ನೂ ಹೊರಗೆ ಕಳಿಸಿದರು. ಸುತ್ತಲಿನವರು ಸುಮ್ಮನೆ ದಾರಿ ಬಿಟ್ಟರು.

ಮೀನಾ ಗೆಲ್ಲಲಿಲ್ಲ. ಕೊನೆಯ ಅರೆ ನಿಮಿಷದಲ್ಲಿ ಉಗರಗೋಳದ ಹುಡುಗಿ ಅವಳ ಬೆನ್ನು ನೆಲಕ್ಕೆ ಹಚ್ಚಿ ಚಿತ್ ಮಾಡಿದಳು. ಸಿನಿಮಾದಲ್ಲಾದರೆ ಹೀಗಾಗುತ್ತಿರಲಿಲ್ಲ. ಮೀನಾ ಎದ್ದು ಗೆದ್ದವಳ ಕೈ ಕುಲುಕಿ, ಮುಖ ಒರೆಸಿಕೊಳ್ಳುತ್ತ ನಮ್ಮ ಕಡೆ ಬಂದಳು. ಎದುರಿಗೆ ಅಪ್ಪನನ್ನು ಕಂಡು ನಿಂತುಬಿಟ್ಟಳು. ಇನ್ನು ಆಟ ಸಾಕು ಎನ್ನುತ್ತಾನೇನೋ ಎಂದು ನನಗೂ ಅನ್ನಿಸಿತು.

"ಬಲಗಾಲು ಭಾಳ ಮುಂದ ಇಟ್ಟಿದ್ದಿ," ಎಂದ ದುಂಡಪ್ಪ. "ಆಕಿ ಅದನ್ನ ಹಿಡದ್ಲು. ತಪ್ಪು ನಿನ್ನದಲ್ಲ. ಕಲಿಸಬೇಕಾದಾವ ನಾನು, ಕಲಿಸ್ಲಿಲ್ಲ."

ಮೀನಾ ಆಗ ಅತ್ತಳು. ಸೋತದ್ದಕ್ಕಲ್ಲ.

ಊರಿಗೆ ಬಂದ ಮೇಲೆ ದುಂಡಪ್ಪ ಗರಡಿಮನೆಯ ಹಿರಿಯರ ಮುಂದೆ, ಹುಡುಗಿಯರಿಗೂ ಬೆಳಿಗ್ಗೆ ಒಂದು ತಾಸು ಬಿಟ್ಟುಕೊಡಿ ಎಂದು ಕೇಳಿದ. ಅವರು ಒಪ್ಪಲಿಲ್ಲ. ಹಾಗಾದರೆ ನಾನೂ ಬರುವುದಿಲ್ಲ ಎಂದು ಅವನು ಎದ್ದು ಬಂದ. ಈಗ ಶಾಲೆಯ ಮ್ಯಾಟಿನ ಮೇಲೆ ದಿನಾ ಬೆಳಿಗ್ಗೆ ಶರ್ವರಿ ಅಕ್ಕಾರ ಎದುರಿನಲ್ಲೇ ಹನ್ನೊಂದು ಹುಡುಗಿಯರಿಗೆ ಪಟ್ಟು ಹೇಳಿಕೊಡುತ್ತಾನೆ. ತಾಯಂದಿರಲ್ಲಿ ಒಬ್ಬರು ಸರದಿಯಂತೆ ಅಲ್ಲಿರುತ್ತಾರೆ. ಗರಡಿಯ ಬಾಗಿಲು ಇನ್ನೂ ತೆರೆದಿಲ್ಲ. ನಮ್ಮ ಮನೆಯವರ ಅಭಿಪ್ರಾಯವೂ ಬದಲಾಗಿಲ್ಲ, ಸಿನಿಮಾ ಸಿನಿಮಾನೇ ಎನ್ನುತ್ತಾರೆ. ಅವರು ಬದಲಾಗಲಿ ಎಂದು ನಾವು ಯಾರೂ ಕಾಯುತ್ತಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ಅಥವಾ ಕೇಳುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬ ಹುಡುಗಿ ಇರಬಹುದು. ಇವತ್ತೇ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿನಗೆ ಏನು ಆಡಬೇಕೆನ್ನಿಸುತ್ತದೆ ಎಂದು ಕೇಳಿ. ಕುಸ್ತಿ ಎಂದರೆ ಕುಸ್ತಿ, ಖೋಖೋ ಎಂದರೆ ಖೋಖೋ, ಏನೂ ಬೇಡ ಎಂದರೆ ಅದನ್ನೂ ಒಪ್ಪಿಕೊಳ್ಳಿ. ಮುಟ್ಟಿನ ನೆಪ ಹೇಳಿ ಅವಳ ಮೈದಾನ ಕಸಿಯಬೇಡಿ. ಶಾಲೆಯ ಆಟದ ಶಿಕ್ಷಕರನ್ನು ಕಂಡು, ನಿಮ್ಮ ಪ್ರಶ್ನೆಗಳನ್ನೆಲ್ಲ ಕೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ. ಅಪ್ಪ ಮಾಡದಿದ್ದರೆ ಅವ್ವ ಮಾಡಲಿ. ಜನ ಏನಂದಾರು ಎಂದು ಯಾರಾದರೂ ಕೇಳಿದರೆ, ಅನ್ನುವವರು ನಮ್ಮ ಎದುರಿಗೆ ಬಂದು ಅನ್ನಲಿ ಎಂದು ಹೇಳಿ.