ನೀರು ಹಾಕುವವರು

ನಂಜೇಶ ಹಿತ್ತಿಲ ಹಂಡೆಯ ಕೆಳಗೆ ಇನ್ನೊಂದು ಸೌದೆ ತಳ್ಳಿದ. ನೀರು ಕಾದು ಎಷ್ಟೋ ಹೊತ್ತಾಗಿತ್ತು. ಹೆಣಕ್ಕೆ ನೀರು ಹಾಕಲು ಮಾತ್ರ ಯಾರೂ ಏಳಲಿಲ್ಲ.

ಹೆಡತಲೆ ಎಂಬ ಊರಿನ ಅವರ ಕೇರಿಯಲ್ಲಿ ಗಂಡಸು ಸತ್ತರೆ ಗಂಡಸರು, ಹೆಂಗಸು ಸತ್ತರೆ ಹೆಂಗಸರು ನೀರು ಹಾಕುವುದು ಪದ್ಧತಿ. ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದದ್ದು ನಂಜೇಶನ ಒಡಹುಟ್ಟಾದ ಗಾನವಿಯನ್ನು. ಹುಟ್ಟಿದಾಗ ಗಂಡೆಂದು ಮದನ್ ಅಂತ ಹೆಸರಿಟ್ಟಿದ್ದರು. ಬಹಳ ವರ್ಷದಿಂದ ಅವಳು ತಿ. ನರಸೀಪುರದಲ್ಲಿ ಹೆಣ್ಣಾಗಿ ಬದುಕಿ, ಬ್ಲೌಸ್ ಹೊಲಿದು ಹೊಟ್ಟೆ ಹೊರೆದುಕೊಂಡಿದ್ದಳು. ಈಗ ಗಂಡಸರು ಹೆಂಗಸರನ್ನು, ಹೆಂಗಸರು ಗಂಡಸರನ್ನು ನೋಡುತ್ತ ಕೂತಿದ್ದರು.

ನಂಜೇಶ ಒಳಗೆ ಬಂದ. ಕೇರಿಯ ಹಿರಿಯ ದೊಡ್ಡಸಿದ್ದಯ್ಯ ಹೊಸ ಪಂಚೆಯನ್ನು ಅವನ ಕೈಗೆ ತುರುಕಿದರು. "ಆಸ್ಪತ್ರೆಯೋರೇ ಗಂಡಸು ಅಂತ ಬರ್ದವ್ರೆ ಕಣಪ್ಪ. ಇದ ಉಡ್ಸಿ, ಒತ್ತಾಯ್ತದೆ."

ಗಾನವಿಯ ಜೊತೆ ಒಂದೇ ಮನೆಯಲ್ಲಿದ್ದ, ಅವಳಂತೆಯೇ ಹೆಣ್ಣಾಗಿ ಬದುಕುವ ಮಂಗಳಗೌರಿ, ಸೀರೆಯ ಕವರನ್ನು ಎದೆಗವಚಿಕೊಂಡು ಮುಂದೆ ಬಂದಳು. "ಆಧಾರಲ್ಲಿ ಎಂಗಸು ಅಂತ ಅದೆ ನೋಡಿ ಯಜಮಾನ್ರೇ. ಆಫೀಸ್ ಆಫೀಸ್ ಅಲ್ದು ಮಾಡಿಸ್ಕಂಡಿದ್ಲು."

"ರೇಷನ್ ಕಾರ್ಡಲ್ಲಿ?"

"ಅದೊಂದು ಆಗ್ನಿಲ್ಲ. ಸರ್ವರ್ ಇರ್ನಿಲ್ವಂತೆ."

ಅವಳು ನಂಜೇಶನ ಕಡೆ ನೋಡಿಯೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವನು ಕೈಯಲ್ಲಿದ್ದ ಪಂಚೆಯನ್ನು ಬಿಚ್ಚಿ ಮತ್ತೆ ಮಡಿಚಿದ.

*

ಕಳೆದ ಶ್ರಾವಣದಲ್ಲಿ ಗಾನವಿ ಅಣ್ಣನನ್ನು ನಂಜನಗೂಡು ಬಸ್‌ಸ್ಟ್ಯಾಂಡಿಗೆ ಕರೆಸಿಕೊಂಡಿದ್ದಳು. ಊರೊಳಗೆ ಬರಬೇಡ ಎಂದಿದ್ದವನು ಅವನೇ.

"ರೇಷನ್ ಕಾರ್ಡಲ್ಲಿ ಮಾತ್ರ ಇನ್ನೂ ಮದನ್, ಗಂಡಸು ಅಂತ ಅದೆ ಕಣಣ್ಣ. ಅದ್ರಲ್ಲೊಂದು ಇದ್ರಲ್ಲೊಂದು ಇದ್ರೆ ಎಲ್ಲೋದ್ರೂ ಕಳ್ಳಿ ನೋಡ್ದಂಗೆ ನೋಡ್ತಾರೆ. ಕಾರ್ಡಿನ ಯಜಮಾನಿ ಅವ್ವನೇ ಅಲ್ವಾ? ಒಂದ್ಸಲ ಕರ್ಕೋಗಿ ಎಬ್ಬೆಟ್ಟು ಒತ್ತಿಸ್ಬುಡು."

"ಆಯ್ತು" ಎಂದ. ಮಾಡಲಿಲ್ಲ. ರೇಷನ್ ಅಂಗಡಿಯಲ್ಲಿ ಕಾರ್ಡು ತೆಗೆದರೆ ನಾಲ್ಕು ಜನ ಇಣುಕುತ್ತಾರೆ. ಮನೆಯಲ್ಲಿ ಅವನ ಮಗಳಿಗೆ ಗಂಡು ನೋಡುತ್ತಿದ್ದರು. ಗಾನವಿ ಫೋನ್ ಮಾಡಿದಾಗಲೆಲ್ಲ "ಸರ್ವರ್ ಇಲ್ವಂತೆ" ಎನ್ನುತ್ತಿದ್ದ. ಸರ್ವರಿನ ತಲೆಗೆ ಕಟ್ಟಿದ ಸುಳ್ಳನ್ನು ಈ ದೇಶದಲ್ಲಿ ಯಾರೂ ಅನುಮಾನಿಸುವುದಿಲ್ಲ. ಅವ್ವನಿಗಂತೂ ಅವನು ವಿಷಯವನ್ನೇ ತಿಳಿಸಲಿಲ್ಲ.

*

"ಜ್ವರ ಬಂದೋರೆಲ್ಲ ಸತ್ತೋಯ್ತಾರಾ?" ಹೆಂಗಸರಲ್ಲಿ ಒಬ್ಬಳು ಕೇಳಿದಳು.

"ಡೆಂಗ್ಯೂ ಕಣವ್ವ," ಮಂಗಳಗೌರಿ ಎಂದಳು. "ಪುಕ್ಸಟ್ಟೆ ನೋಡ್ಬೇಕಾದ್ರೆ ರೇಷನ್ ಕಾರ್ಡು ಕೊಡಿ ಅಂದ್ರು. ಅದ್ರಲ್ಲಿ ಗಂಡಸು ಅಂತಿತ್ತಲ್ಲ, ಗಂಡಸ್ರ ವಾರ್ಡಿಗೇ ಆಕಿದ್ರು. ನೀರು ಕುಡಿ, ನೀರು ಕುಡಿ ಅಂತ ಡಾಕ್ಟ್ರು ಬಡ್ಕಂಡ್ರು. ಕುಡೀನಿಲ್ಲ. ಕುಡಿದ್ರೆ ಗಂಡಸ್ರ ಕಕ್ಕಸ್ಸಿಗೆ ಓಗ್ಬೇಕಲ್ಲ. ಮೊದಲ್ನೇ ದಿನ ಓದಾಗ ಆಚೆಯಿಂದ ಬಾಗ್ಲು ಬಡ್ದು ನಕ್ಕವ್ರೆ."

ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ನಿಂತು ನಂಜೇಶನೂ ಗದರಿದ್ದ: ಬಾಯಿ ಮುಚ್ಕಂಡು ನೀರು ಕುಡಿ. ಅವಳು ಕಾರಣ ಹೇಳದೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಸತ್ತೋರ ಮುಂದೆ ಕಾರ್ಡಿನ ಜಗಳ ಬ್ಯಾಡ," ಎಂದರು ದೊಡ್ಡಸಿದ್ದಯ್ಯ. "ಅಣ್ಣ ನೀನು. ತಮ್ಮನೋ ತಂಗೀನೋ, ನೀನೇ ಏಳ್ಬುಡು."

"ತಂಗಿ," ಎಂದ ನಂಜೇಶ. ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಸರ್ವರ್ ಇತ್ತು. ನಾನೇ ಸುಳ್ಳೇಳ್ದೆ. ಎಬ್ಬೆಟ್ಟು ಒತ್ಸಕ್ಕೆ ಅವ್ವನ್ನ ಕರ್ಕೋಗ್ನಿಲ್ಲ."

ಹೆಣದ ಪಾದ ಹಿಡಿದು ಕೂತಿದ್ದ ತಾಯಿ ಚನ್ನಬಸಮ್ಮ ನಿಧಾನವಾಗಿ ತಲೆಯೆತ್ತಿದರು.

"ಎಬ್ಬೆಟ್ಟೇ ಅಲ್ವೇನ್ಲಾ ಕೇಳಿದ್ದು? ಕೈಯೇ ಕೊಡ್ತಿದ್ನಲ್ಲೋ."

ಚನ್ನಬಸಮ್ಮ ಎದ್ದು ಸೆರಗು ಸಿಕ್ಕಿಸಿದರು. "ಬನ್ರವ್ವ, ನನ್ ಮಗಳಿಗೆ ನೀರಾಕವ. ಗಂಡಸ್ರೆಲ್ಲ ಆಚ್ಗೋಗಿ."

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಗಾನವಿಯನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವಾಗ ಮಂಗಳಗೌರಿ ಹೊಸ್ತಿಲಲ್ಲೇ ಅನುಮಾನಿಸಿ ನಿಂತಳು. "ನೀನೂ ಬಾ ಕೂಸೆ," ಎಂದರು ಚನ್ನಬಸಮ್ಮ.

ನಂಜೇಶ ಹಂಡೆಯಿಂದ ಬಿಂದಿಗೆ ತುಂಬಿಕೊಂಡು ಹಿಂದೆಯೇ ಹೋದ. "ಅವ್ವ, ಮೊದಲ್ನೇದು ನಾನು..."

"ಗಂಡಸ್ರು ಅಂದ್ನಲ್ಲ." ಬಿಂದಿಗೆ ಇಸಿದುಕೊಂಡು ಬಾಗಿಲು ಹಾಕಿದರು.

ಒಳಗೆ ಬಳೆಗಳ ಸದ್ದು. ಆಮೇಲೆ ಅವ್ವನ ದನಿ: "ತಡೀರವ್ವ, ಸುಡ್ತದೆ ನನ್ ಕೂಸಿಗೆ. ತಣ್ಣೀರು ಬೆರ್ಸಿ."

ಬಾಗಿಲು ಒಂದು ಗೇಣು ತೆರೆದು, ಒಂದು ಕೈ ಖಾಲಿ ಬಿಂದಿಗೆಯನ್ನು ಹೊರಗಿಟ್ಟಿತು. ನಂಜೇಶ ತೊಟ್ಟಿಯಿಂದ ತಣ್ಣೀರು ತುಂಬಿ ಹೊಸ್ತಿಲ ಮೇಲಿಟ್ಟು ಪಕ್ಕಕ್ಕೆ ಸರಿದ. ಕೈ ಬಿಂದಿಗೆಯನ್ನು ಒಳಗೆಳೆದುಕೊಂಡಿತು, ಬಾಗಿಲು ಮತ್ತೆ ಮುಚ್ಚಿತು.