ಪೆನ್ಸಿಲಿನ ಎಂಟು ಸಾಲು

"ಭೂಮಿಯೆಲ್ಲ ಬೂದಿಯಾದ ಮೇಲೆ ಈ ತೊಟ್ಟಿಲು ಎಲ್ಲಿಂದ ಬಂತು?"

ತೇಜಸ್ವಿನಿ ಕೇಳಿದ್ದು ಯಾರನ್ನೂ ಅಲ್ಲ. ಪಾಲಾರಿವಟ್ಟಂನಲ್ಲಿ, ಲೇಖಕರ ಫ್ಲ್ಯಾಟಿನ ಹಜಾರದಲ್ಲಿ ಒಬ್ಬಳೇ ಕೂತು, ಅರುವತ್ತು ವರ್ಷ ಹಳೆಯ ಹಸ್ತಪ್ರತಿಯೊಂದನ್ನು ತಿರುವುತ್ತಿದ್ದಳು. ಅಣುಬಾಂಬಿನ ಭಯ ಆ ಕಾಲದ ವೈಜ್ಞಾನಿಕ ಕಥೆಗಳನ್ನು ಹೇಗೆ ರೂಪಿಸಿತೆಂಬುದು ಅವಳ ಸಂಶೋಧನೆ. ಅದಕ್ಕೆಂದೇ ತಿರುವನಂತಪುರದಿಂದ ಬೆಳಗಿನ ರೈಲು ಹಿಡಿದು ಬಂದಿದ್ದಳು. ಹನ್ನೊಂದು ಪುಟ ನೀಲಿ ಶಾಯಿ. ಬಾಂಬು ಬೀಳುತ್ತದೆ, ಸಮುದ್ರ ಕುದಿಯುತ್ತದೆ, ಉಳಿದಿದ್ದ ಒಬ್ಬನೇ ಮನುಷ್ಯ ರೇಡಿಯೊದ ಮುಂದೆ ಕೂತಲ್ಲೇ ತೀರಿಕೊಳ್ಳುತ್ತಾನೆ. ಆಮೇಲೆ ಪೆನ್ಸಿಲಿನಲ್ಲಿ ಎಂಟು ಸಾಲು: ಎಲ್ಲೋ ಒಂದು ತೊಟ್ಟಿಲು ತೂಗುತ್ತದೆ, ಮಗು ನಗುತ್ತದೆ.

ಕಥೆ ಬರೆದ ದಾಮೋದರರು ಒಳಗಿನಿಂದ ಬಂದು ಎದುರು ಕೂತರು.

"ಈ ಪೆನ್ಸಿಲಿನ ಸಾಲು ಆಗಿನ ಪತ್ರಿಕೆಯ ಸಂಪಾದಕರು ಹೆದರಿ ಸೇರಿಸಿದ್ದಲ್ವಾ ಅಜ್ಜ?" ಅವಳ ಪ್ರಬಂಧದ ಮೂರನೆಯ ಅಧ್ಯಾಯ ನಿಂತದ್ದೇ ಈ ಮಾತಿನ ಮೇಲೆ.

"ಅವನಿಗೆ ಎಂತ ಹೆದರಿಕೆ? ಒಂದು ಚುಕ್ಕಿ ಕೂಡ ಮುಟ್ಲಿಲ್ಲ ಅವ. ಹೆದರಿದ್ದು ನಾನು, ನನ್ನ ಅಮ್ಮನಿಗೆ."

ಬರೆದು ಮುಗಿಸಿದ ದಿನ ಅವರು ಕಥೆಯನ್ನು ಅಮ್ಮನಿಗೆ ಓದಿ ಹೇಳಿದ್ದರಂತೆ. ಆಕೆಗೆ ಓದು ಬಾರದು. ಕುಂಬಳೆಯ ಮನೆಯ ಜಗಲಿಯಲ್ಲಿ ಮಳೆಗಾಲದ ಆಟಿ ತಿಂಗಳಿಡೀ ಪುರಾಣ ಓದಿಸಿ ಕೇಳಿದವಳು. ಅಲ್ಲಿ ಯಾರ ಸಾವಿನಲ್ಲೂ ಪುಸ್ತಕ ಮುಚ್ಚುವ ಕ್ರಮವಿರಲಿಲ್ಲ. ಮುಂದಿನದೊಂದು ಮಂಗಳದ ಪದ್ಯವನ್ನಾದರೂ ಓದಿಯೇ ಏಳಬೇಕು. ಮಗ ಕಾಗದ ಮಡಿಸಿದರೂ ಆಕೆ ಕೈಮುಗಿದುಕೊಂಡು ಕೂತೇ ಇದ್ದಳು.

"'ಮುಗೀತಮ್ಮಾ' ಅಂದೆ. 'ಹೆಣದ ಮೇಲೆ ನಿಲ್ಲಿಸ್ತೀಯಾ ಮಗಾ? ಒಳ್ಳೇದೆಂತಾದ್ರೂ ಬೇಗ ಓದು, ನನಗೆ ಅನ್ನಕ್ಕಿಡ್ಲಿಕ್ಕುಂಟು' ಅಂದ್ರು. ಗಂಟೆ ಎರಡಾಗಿತ್ತು, ಹಸಿವು ಬೇರೆ. ಕೈಗೆ ಸಿಕ್ಕಿದ ಪೆನ್ಸಿಲಲ್ಲಿ ಗೀಚಿದೆ."

ಚಾಯ ತಂದ ಮಗಳು ವಾಸಂತಿ ನಕ್ಕಳು. "ಲೋಕ ಉಳಿದದ್ದು ಅಪ್ಪನ ಹೊಟ್ಟೆಯ ದೆಸೆಯಿಂದ. ಬರ್ಕೋ ಮೋಳೇ, ನಿನ್ನ ಥೀಸಿಸಿನಲ್ಲಿ."

ತೇಜಸ್ವಿನಿಗೆ ನಗು ಬರಲಿಲ್ಲ. ಅವಳು ಸಂಪಾದಿಸಿದ ಸಂಕಲನ ಸೋಮವಾರ ಅಚ್ಚಿಗೆ ಹೋಗಬೇಕಿತ್ತು. ಚೀಲದಿಂದ ಒಪ್ಪಿಗೆಪತ್ರ, ಪೆನ್ನು ತೆಗೆದು ಅವರ ಮುಂದಿಟ್ಟಳು.

"ಹಾಗಾದ್ರೆ ಅದು ಕಥೆಗೆ ಸೇರಿದ್ದೇ ಅಲ್ಲ ಅಜ್ಜ. ಆ ಎಂಟು ಸಾಲು ಬಿಟ್ಟು ಅಚ್ಚು ಹಾಕ್ತೇವೆ. ಆ ಕಾಲದ ಹೆದರಿಕೆ ಇದ್ದ ಹಾಗೇ ಕಾಣ್ಬೇಕು."

"ಕಥೆ ಅಚ್ಚಾದ ತಿಂಗಳು ರೇಡಿಯೊದಲ್ಲಿ ದಿನಾ ಯುದ್ಧದ ಸುದ್ದಿ," ಎಂದರು ದಾಮೋದರರು. "ಅಮ್ಮ ಆ ಎಂಟು ಸಾಲು ಎಷ್ಟು ಸಲ ಓದಿಸಿದ್ರೋ. ಮೊದಲಿನ ಹನ್ನೊಂದು ಪುಟ ಮತ್ತೆ ಕೇಳ್ಲೇ ಇಲ್ಲ."

"ಅಡಿಟಿಪ್ಪಣಿಯಲ್ಲಿ ಎಲ್ಲ ಹೇಳ್ತೇನೆ. ಒಂದು ಸಹಿ ಹಾಕಿ ಅಜ್ಜ, ಅಷ್ಟು ದೂರದಿಂದ ಬಂದಿದ್ದೇನೆ."

ಅವರು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಪೆನ್ನಿಗೆ ಮುಚ್ಚಳ ಹಾಕಿ, ಎರಡನ್ನೂ ಅವಳತ್ತ ಸರಿಸಿದರು.

"ಇಲ್ಲ ಮಗಳೇ. ಹಾಕುವುದಿಲ್ಲ."